ಒಂದನೇ ಆರೋಪಿ ಶಿವಗಂಗಾ

ಮೊದಲ ಏಟು ಬೆನ್ನಿಗೆ ಬಿತ್ತು. ಕಬ್ಬಿನ ಏಟು. ಕಬ್ಬು ಸಿಹಿ ಅನ್ನುವವರು ಅದನ್ನು ಬೆನ್ನ ಮೇಲೆ ತಿಂದವರಲ್ಲ.

ತಿರುಗಿ ನೋಡಿದೆ. ಸೀರೆಯ ಮೇಲೆ ಗಂಡಸರ ಶರ್ಟು ತೊಟ್ಟು, ತಲೆಗೆ ಟವೆಲ್ ಸುತ್ತಿದ್ದ ಒಬ್ಬ ಹೆಣ್ಣುಮಗಳು. ಕೈಯಲ್ಲಿ ಎರಡು ತುಂಡಾದ ಜಲ್ಲೆ. ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಹೋಗುತ್ತಿದ್ದರೂ ರೆಪ್ಪೆ ಬಡಿಯಲಿಲ್ಲ. ಅಷ್ಟು ಚೆಂದದ ಕಣ್ಣುಗಳು ಅಷ್ಟು ಸಿಟ್ಟಿನಿಂದ ನನ್ನನ್ನು ಅದುವರೆಗೆ ನೋಡಿರಲಿಲ್ಲ.

"ಕೇಬಲ್ ಕಳ್ಳ ಸಿಕ್ಕಾನ! ಬರ್ರಿ ಎಲ್ಲಾರೂ!" ಅಂತ ಕೂಗಿದಳು.

ಬಂದರು. ಕಬ್ಬಿನ ಗದ್ದೆಯೊಳಗಿಂದ, ನದಿಯ ದಡದಿಂದ, ಎಲ್ಲೆಲ್ಲಿಂದಲೋ ಬಂದರು. ಯಾರೋ ಕಾಲರ್ ಹಿಡಿದರು, ಯಾರೋ ಕೆನ್ನೆಗೆ ಕೊಟ್ಟರು. ನೆಲಕ್ಕೆ ಬಿದ್ದ ಮೇಲೆ ಒಬ್ಬ ಎತ್ತರದ ಹುಡುಗ ಪಕ್ಕೆಗೆ ಒದ್ದ. ಒಂದು ಸಲ ಒದ್ದು ನಿಲ್ಲಿಸಲಿಲ್ಲ. ಉಳಿದವರೆಲ್ಲ ಸಿಟ್ಟಿಗೆ ಹೊಡೆಯುತ್ತಿದ್ದರು. ಇವನು ಮಾತ್ರ ಖುಷಿಗೆ ಒದೆಯುತ್ತಿದ್ದ. ಮಣ್ಣಿನ ಜೊತೆ ನನ್ನ ರಕ್ತದ ರುಚಿಯೂ ಬಾಯಿಗೆ ಬಂತು.

ನಾನು ಮಯೂರ. ಮೈಸೂರಿನವನು. ಡಯಾಲಿಸಿಸ್ ಮಷಿನ್ ರಿಪೇರಿ ನನ್ನ ಕೆಲಸ. ಜೇವರ್ಗಿಯ ಆಸ್ಪತ್ರೆಯೊಂದರಲ್ಲಿ ಮಷಿನ್ ಸರಿಮಾಡಿ ಹೊರಟವನು ಹಿಂದಿನ ದಿನ ರಸ್ತೆ ತಡೆಯಲ್ಲಿ ಸಿಕ್ಕಿಬಿದ್ದಿದ್ದೆ. ತೊಗರಿ ಬೆಲೆ ಬಿದ್ದದ್ದಕ್ಕೆ ರೈತರು ನಡುರಸ್ತೆಯಲ್ಲಿ ಟೈರು ಸುಡುತ್ತಿದ್ದರು. ಹೊಗೆ ಇಳಿಯುವ ಹೊತ್ತಿಗೆ ಕಲಬುರಗಿಯಿಂದ ನನ್ನ ವಿಮಾನ ನನ್ನನ್ನು ಬಿಟ್ಟು ಹಾರಿತ್ತು. ಮುಂದಿನ ಟಿಕೆಟ್ ವಾರದ ಕೊನೆಗೆ ಸಿಕ್ಕಿತು. ರೈಲು ಹಿಡಿಯಬಹುದಿತ್ತು. ಆದರೆ ನಮ್ಮ ಕಂಪನಿಯಲ್ಲಿ ರಜೆ ಕೇಳಿದರೆ ಸಿಗುವುದಿಲ್ಲ, ಹೀಗೆ ಏನಾದರೂ ತಪ್ಪಿದರೆ ಮಾತ್ರ ಸಿಗುತ್ತದೆ.

"ಸೊನ್ನ ಬ್ಯಾರೇಜ್ ನೋಡ್ಕೊಂಡು ಬರ್ರಿ ಸಾಹೇಬ್ರ, ಮನಸ ತಣ್ಣಗ ಆಗ್ತದ" ಅಂದಿದ್ದರು ಆ ಆಸ್ಪತ್ರೆಯ ನರ್ಸ್ ನಜಮುನ್ನಿಸಾ.

ಬ್ಯಾರೇಜ್ ನೋಡಿ ಭೀಮಾ ದಡದಲ್ಲೇ ನಡೆಯುತ್ತಿದ್ದಾಗ ಒಂದು ಪಂಪಿನ ಮೋಟಾರು ಕಿರುಚುತ್ತಿತ್ತು. ನದಿ ಹಿಂದೆ ಸರಿದು ಪೈಪಿನ ಬಾಯಿ ನೀರು ಬಿಟ್ಟು ದಡದಲ್ಲಿ ಬಿದ್ದಿತ್ತು. ನೀರಿಲ್ಲದೆ ಓಡುವ ಮೋಟಾರು ಸುಟ್ಟುಹೋಗುತ್ತದೆ. ಹೊಟ್ಟೆಪಾಡಿನ ಅಭ್ಯಾಸ, ನೋಡಿಕೊಂಡು ಸುಮ್ಮನಿರಲಾಗಲಿಲ್ಲ. ಸ್ಟಾರ್ಟರ್ ಡಬ್ಬಿ ತೆರೆದು ಸ್ವಿಚ್ ಆರಿಸಿದೆ. ಹೆಗಲಲ್ಲಿ ಸ್ಪ್ಯಾನರು, ಕಟರು ತುಂಬಿದ ಚೀಲ. ಪಂಪಿನ ಕೇಬಲ್ ಕತ್ತರಿಸಿ ತಾಮ್ರ ಮಾರುವ ಕಳ್ಳರೂ ಮೊದಲು ಮೋಟಾರನ್ನೇ ಆರಿಸುತ್ತಾರಂತೆ. ಮೋಟಾರು ನಿಂತದ್ದು ಕೇಳಿ ಬಂದವರು ಬೇರೇನು ತಿಳಿಯಬೇಕು?

ಒದೆಗಳ ನಡುವೆ ಅವಳು ಮೋಟಾರಿನ ಮೇಲೆ ಕೈಯಿಟ್ಟದ್ದು ಕಂಡಿತು. ಕೈ ಸುಟ್ಟು "ಅವ್ವಾ" ಅಂದಳು. ನೀರು ಬಿಟ್ಟು ಬಿದ್ದ ಪೈಪು ನೋಡಿದಳು, ನನ್ನನ್ನು ನೋಡಿದಳು.

"ಬಿಡ್ರೋ! ಕಳ್ಳ ಅಲ್ಲಂವ! ಧರ್ಮಾ, ಕಾಲು ತಗೀ ಅಂತೇನಿ!"

ಆ ಎತ್ತರದ ಹುಡುಗ ಮತ್ತೊಂದು ಒದ್ದೇ ಕಾಲು ತೆಗೆದ.

*

ಅಫಜಲಪುರದ ದವಾಖಾನೆಯಲ್ಲಿ ಪಕ್ಕೆಲುಬು ಬಿರುಕು ಬಿಟ್ಟಿದೆ ಅಂದರು. ಹೊಡೆದಾಟದ ಗಾಯ, ಪೊಲೀಸರಿಗೆ ತಿಳಿಸಲೇಬೇಕಂತೆ. ಊರಿಗೆ ಹೋಗುವ ಮುಂಚೆ ಠಾಣೆಗೆ ಬಂದು ಹೇಳಿಕೆ ಕೊಡುತ್ತೇನೆಂದೆ.

ನನ್ನ ಮಂಚದ ಕಾಲು ಹಿಡಿದು ಕೂತವಳು ಆ ಹೆಣ್ಣುಮಗಳ, ಆ ಎತ್ತರದ ಹುಡುಗನ ತಾಯಿ ಕಾಶಿಬಾಯಿ.

"ನನ್ನ ಮಗ ಧರ್ಮರಾಜ ಪೊಲೀಸಿಗಿ ಸೆಲೆಕ್ಟ್ ಆಗ್ಯಾನ್ರಿ ಯಪ್ಪಾ. ಇನ್ನ ವೆರಿಫಿಕೇಶನ್ ಒಂದ ಉಳದದ. ನೀವು ಕೇಸ್ ಮಾಡಿದ್ರ ನೌಕರಿ ಹೋಗ್ತದ. ಗಂಡಿಲ್ಲದಾಕಿ ನಾ, ಹೆಂಗ ಸಾಕೇನಿ ನನಗೇ ಗೊತ್ತು."

ಮಗಳು ಬಾಗಿಲಲ್ಲೇ ನಿಂತಿದ್ದಳು. ಸುಟ್ಟ ಅಂಗೈಗೆ ಬಟ್ಟೆ ಸುತ್ತಿದ್ದಳು.

"ಅವ್ವಾ, ಕಾಲು ಬಿಡು" ಅಂದಳು. ಆಮೇಲೆ ನನಗೆ: "ನಾ ಶಿವಗಂಗಾ. ಮೊದಲು ಹೊಡದಾಕಿ ನಾನು. ತಪ್ಪಾಗ್ಯಾದ. ನೀವು ಏನ್ ಬರಸ್ತೀರಿ ಬರಸ್ರಿ."

"ನಿಮ್ಮ ಕಬ್ಬಿಗೆ ಏನೂ ಆಗಲಿಲ್ಲ ತಾನೇ?" ಅಂದೆ.

ಅವಳ ತುಟಿಯ ಒಂದು ಅಂಚು ಮೇಲೆ ಹೋಗಿ, ತನ್ನನ್ನು ತಾನೇ ಗದರಿಸಿಕೊಂಡಂತೆ ಕೆಳಗಿಳಿಯಿತು. ನಾನು ಹಾಳಾದದ್ದು ಆಗಲೇ.

ಮರುದಿನ ನಾನು ತಂಗಿದ್ದ ಲಾಡ್ಜಿಗೆ ರೊಟ್ಟಿ ಬುತ್ತಿ ಬಂತು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ತಂದವಳು ಬಾಗಿಲಾಚೆ ಕೂತು, ನಾನು ತಿನ್ನುವುದನ್ನು ಪರೀಕ್ಷೆಯ ಮೇಲ್ವಿಚಾರಕಿಯ ಹಾಗೆ ನೋಡಿದಳು.

"ಖಾರ ಆತೇನ್ರಿ?"

"ಇಲ್ಲ."

"ಮತ್ತ ಕಣ್ಣಾಗ ನೀರು?"

"ನಿಮ್ಮ ತಮ್ಮನ ನೆನಪಾಯ್ತು."

ನಕ್ಕಳು. ನಾನೂ ನಕ್ಕೆ, ಪಕ್ಕೆ ಹಿಡಿದುಕೊಂಡು ಮುಲುಗಿದೆ. ಅವಳು ಎದ್ದು ಬಂದವಳು ನನ್ನ ಹೆಗಲ ಮೇಲೆ ಕೈಯಿಡಲು ಹೋಗಿ, ಇಡದೆ, ಆ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ನೀರಿನ ಲೋಟ ಎತ್ತಿಕೊಂಡಳು.

"ಗ್ವಾಡಿ ನೋಡ್ಕೋತ ಕುಂಡ್ರಬ್ಯಾಡ್ರಿ. ನಾಳಿ ಮಟಕಿಗಿ ಹೊಂಟೀನಿ, ನಮ್ಮ ಸೋದರತ್ತಿ ಊರು. ಬರ್ರಿ. ಪ್ಲೇನ್ ತಪ್ಪಿದ್ದಕ್ಕ ಏಟೇ ತಿಂದು ಹೋದ್ರು ಅಂತ ಆಗಬಾರದು."

ಮಟಕಿಗೆ ಹೋಗುವಾಗ ಆಳಂದದವರೆಗೆ ಬಸ್ಸಿನಲ್ಲಿ ಅವಳು ನನ್ನ ಬಿರುಕು ಬಿಟ್ಟ ಪಕ್ಕೆಯ ಕಡೆಗೇ ಕೂತು ಮೊಣಕೈ ಅಡ್ಡ ಹಿಡಿದಿದ್ದಳು. ಒಬ್ಬ ನನಗೆ ಗುದ್ದಿಕೊಂಡು ಇಳಿಯಲು ಹೋದ. ಅವಳು ಅವನ ಕೊರಳಪಟ್ಟಿ ಹಿಡಿದು ಸೀಟಿನ ಕಂಬಿಗೆ ಹೆಟ್ಟಿಬಿಟ್ಟಳು. ಹಣೆ ಒಡೆದು ರಕ್ತ ಬಂತು. ಅವನು ಹಣೆ ಒತ್ತಿಕೊಂಡು ಇಳಿದುಹೋದ.

"ಅಲ್ರೀ, ಏನಿದು?" ಅಂದೆ.

"ಸಿಟ್ಟು ಬಂದ್ರ ನನಗ ಕಣ್ಣು ಕಾಣಂಗಿಲ್ಲ" ಅಂದಳು. ತನ್ನ ಕೈಯನ್ನೇ ದಿಟ್ಟಿಸಿದಳು. "ನಮ್ಮ ಮನ್ಯಾಗ ಎಲ್ಲಾರದೂ ಇದ ಕತಿ. ಅಪ್ಪನೂ ಹಿಂಗ. ಹಿಂಗ ಬಡದಾಡಿ ಸತ್ತ."

ಮಟಕಿಯಲ್ಲಿ ಅತ್ತೆ ಚಂದಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ಸೋದರಸೊಸೆಯನ್ನು ನೋಡಿ, ಏನೋ ತಿಳಿದವಳಂತೆ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು. ಸಂಜೆ ತೊಗರಿ ಹೊಲದ ಬದುವಿನ ಮೇಲೆ ನಾವಿಬ್ಬರೇ ಕೂತಿದ್ದೆವು. ಗಾಳಿಗೆ ಅವಳ ಕೂದಲು ನನ್ನ ಕೆನ್ನೆಗೆ ಬಂದು ಬಂದು ತಾಗುತ್ತಿತ್ತು. ಅವಳು ತೆಗೆಯಲಿಲ್ಲ, ನಾನೂ ಸರಿಯಲಿಲ್ಲ. ಸುಮ್ಮನಿದ್ದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಹಾಳು ಬಾಯಿ.

"ಒಂದು ಕೇಳ್ಲಾ? ಈ ರೊಟ್ಟಿ, ಮೊಸರು, ಈ ಊರು ಸುತ್ತಾಟ, ಇದೆಲ್ಲ ನನಗಾ, ನಿಮ್ಮ ತಮ್ಮನ ನೌಕರಿಗಾ?"

ಅವಳು ಎದ್ದು ನಿಂತಳು. ಹೊಡೆಯುತ್ತಾಳೆಂದೇ ಕಣ್ಣು ಮುಚ್ಚಿದೆ. ಏಟು ಬೀಳಲಿಲ್ಲ. ಕಣ್ಣು ತೆರೆದರೆ ಅವಳು ಮುಷ್ಟಿಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತಿದ್ದಳು.

"ಕೇಸ್ ಮಾಡ್ರಿ. ನಮ್ಮ ಧರ್ಮನ ಹೆಸರು ದಪ್ಪ ಅಕ್ಷರದಾಗ ಬರಸ್ರಿ. ಆದ್ರ ನಾ ಬಡದ ರೊಟ್ಟಿಗಿ ಲಂಚ ಅಂದ್ರಿ ಅಂದ್ರ ನಿಮ್ಮ ಇನ್ನೊಂದು ಬದಿ ಎಲುಬೂ ಉಳಿಯಂಗಿಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು. ನನಗೆ ಪಕ್ಕೆ ನೋಯುವುದು ಮರೆತೇಹೋಯಿತು.

*

ನಾಳೆ ವಿಮಾನ ಅನ್ನುವ ದಿನ ಬೆಳಿಗ್ಗೆ ಕ್ಷಮೆ ಕೇಳಲು ಸೊನ್ನಕ್ಕೆ ಹೋದೆ. ದೂರದಿಂದಲೇ ಗದ್ದಲ ಕೇಳಿತು.

ಈ ಸಲ ನಿಜವಾದ ಕಳ್ಳ. ಕತ್ತರಿಸಿದ ಕೇಬಲ್ಲನ್ನು ಸೊಂಟಕ್ಕೆ ಸುತ್ತಿಕೊಂಡಿದ್ದ ಬಡಕಲು ಮನುಷ್ಯ. ಅದೇ ಕೇಬಲ್ಲಿನಿಂದ ಅವನನ್ನು ಬಾರಿಸುತ್ತಿದ್ದರು. ಹಲ್ಲು ಉದುರಿ ಮಣ್ಣಿನಲ್ಲಿ ಬಿದ್ದಿತ್ತು. ಒಂದು ಕಣ್ಣು ಮುಚ್ಚಿಹೋಗಿತ್ತು. ಮೊದಮೊದಲು ಬೇಡಿಕೊಳ್ಳುತ್ತಿದ್ದವನು ಈಗ ಬೇಡಿಕೊಳ್ಳುವುದನ್ನೂ ಬಿಟ್ಟಿದ್ದ. ಧರ್ಮರಾಜ ಕಬ್ಬಿಣದ ಪೈಪು ಹಿಡಿದು ಜನರನ್ನು ಸರಿಸಿ ಮುಂದೆ ಬಂದ. ಅವನ ಮುಖದಲ್ಲಿ ಅವತ್ತಿನ ಅದೇ ಖುಷಿ.

ಶಿವಗಂಗಾ ಗುಂಪಿನ ಅಂಚಿನಲ್ಲಿದ್ದಳು. ನನ್ನನ್ನು ನೋಡಿದಳು. ನಾನು ಪಕ್ಕೆ ಹಿಡಿದುಕೊಂಡು ನಿಂತಿದ್ದೆ. ಅಷ್ಟೇ. ಮರುಕ್ಷಣ ಅವಳು ಓಡಿಹೋಗಿ ಆ ಕಳ್ಳನ ಮೇಲೆ ಅಡ್ಡಬಿದ್ದಳು.

ಪೈಪು ಅವಳ ಹಣೆ ಸೀಳಿಕೊಂಡು ಇಳಿಯಿತು. ಅವಳ ಮುಂಗೈ ಮುರಿದ ಸದ್ದು ನನಗೆ ಇವತ್ತಿಗೂ ಕೇಳುತ್ತದೆ.

"ಬಾಜೂ ಸರಿ ಬೇ ಅಕ್ಕಾ!" ಧರ್ಮರಾಜ ಅವಳ ಜಡೆ ಹಿಡಿದು ಎಳೆದ. "ಕಳ್ಳಗ ಅಡ್ಡ ಬೀಳ್ತೀ?" ಮತ್ತೆ ಪೈಪು ಎತ್ತಿದ.

ನಾನು ಧೈರ್ಯಸ್ಥನಲ್ಲ. ಆದರೆ ಕಾಲು ನನ್ನ ಮಾತು ಕೇಳಲಿಲ್ಲ. ಅವಳ ಮೇಲೆ ಹೋಗಿ ಬಿದ್ದೆ. ಏಟು ಭುಜಕ್ಕೆ ಬಿತ್ತು. ನನ್ನ ಕೆಳಗೆ ಅವಳ ಉಸಿರು ಬಿಸಿಯಾಗಿ ಏದುತ್ತಿತ್ತು, ಅವಳ ಕೆಳಗೆ ಆ ಕಳ್ಳ ಮಗುವಿನ ಹಾಗೆ ಅಳುತ್ತಿದ್ದ.

"ಧರ್ಮಾ" ಅಂದಳು ಅವಳು. ಹಣೆಯಿಂದ ರಕ್ತ ಇಳಿದು ಬಾಯಿಗೆ ಬರುತ್ತಿತ್ತು. "ಇವತ್ತು ನಾ ಅಡ್ಡ ಬಿದ್ದೀನಿ. ನಾಳಿ ಸರ್ಕಾರ ನಿನ್ನ ಕೈಯಾಗ ಲಾಠಿ ಕೊಡ್ತದ. ಠಾಣಿ ಒಳಗ ಯಾರು ಅಡ್ಡ ಬೀಳ್ಬೇಕೋ?"

ಅವನು ಉಗುಳಿ, ಪೈಪು ಎಸೆದು ಹೋದ. ಜನ ಒಬ್ಬೊಬ್ಬರಾಗಿ ಮುಖ ತಿರುಗಿಸಿಕೊಂಡು ಚದುರಿದರು.

*

ಕಳ್ಳನನ್ನು ದವಾಖಾನೆಗೆ ಸೇರಿಸಿ, ತನ್ನ ಕೈಗೆ ಪಟ್ಟಿ ಹಾಕಿಸಿಕೊಂಡವಳೇ ನನ್ನನ್ನು ಠಾಣೆಗೆ ಕರೆದುಕೊಂಡು ಬಂದಳು. ಗೇಟಿನಲ್ಲಿ ಕಾಶಿಬಾಯಿ ಎದೆ ಬಡಿದುಕೊಳ್ಳುತ್ತಿದ್ದಳು.

"ಒಳಗ ಕಾಲಿಟ್ಟೀ ಅಂದ್ರ ನೀ ನನ್ನ ಹೊಟ್ಯಾಗ ಹುಟ್ಟಿಲ್ಲ! ಮನಿ ಬಾಗಿಲಿಗಿ ಬರಬ್ಯಾಡ!"

"ಅತ್ತಿ ಮನಿಗಿ ಹೋಗ್ತೇನವ್ವ, ಮಟಕಿಗಿ" ಅಂದಳು. ದನಿ ಗಟ್ಟಿ ಇತ್ತು. ಮೆಟ್ಟಿಲು ಹತ್ತುವಾಗ ಮಾತ್ರ ನನ್ನ ತೋಳು ಹಿಡಿದಳು. ಉಗುರು ಚರ್ಮಕ್ಕೆ ಇಳಿಯಿತು.

ಒಳಗೆ ಮೇಜಿನ ಹಿಂದೆ ಒಬ್ಬ ಮಹಿಳಾ ಪೊಲೀಸು. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡರು. ಹೊಡೆದವರ ಹೆಸರಿನ ಹತ್ತಿರ ಬಂದಾಗ "ಧರ್ಮರಾಜ" ಅಂದೆ.

"ಒಂದನೇ ಆರೋಪಿ ಶಿವಗಂಗಾ" ಅಂದಳು ಅವಳು. "ಅದನ್ನ ಮೊದಲು ಬರೀರಿ."

"ನಿಮ್ಮ ಹೆಸರು ನಾನು ಹೇಳಲ್ಲ."

"ನಾ ಹೊಡದಿಲ್ಲೇನ್ರಿ?"

"ಹೊಡೆದಿರಿ. ಆದ್ರೂ ಹೇಳಲ್ಲ."

"ನನ್ನ ಹೆಸರಿಲ್ಲ ಅಂದ್ರ ಅವನ ಹೆಸರೂ ಬ್ಯಾಡ. ತಾ ಪಾರಾಗಿ ತಮ್ಮನ ಸಿಗಿಸಿದಳು ಅಂತ ಊರು ಅಂತದ. ನಾ ಜನ ಕರೀದಿದ್ರ ಅಂವ ಬರತಿದ್ದಿಲ್ಲ. ಹೇಳ್ರಿ ಮಯೂರ."

ಮೊದಲ ಸಲ ನನ್ನ ಹೆಸರು ಹಿಡಿದು ಕರೆದಿದ್ದಳು. ಅದೂ ತನ್ನ ಮೇಲೆ ಕೇಸು ಮಾಡಿಸಲಿಕ್ಕೆ. ನಾನು ಅವಳ ಹೆಸರು ಹೇಳಿದೆ. ಎರಡು ಸಲ ಹೇಳಬೇಕಾಯಿತು.

ಪೊಲೀಸಮ್ಮ ಬರೆಯುತ್ತಾ ಕೇಳಿದರು: "ಒಂದನೇ ಆರೋಪಿಗೂ ನಿಮಗೂ ಏನ್ರಿ ಸಂಬಂಧ?"

ಶಿವಗಂಗಾ ನನ್ನ ಕಡೆ ತಿರುಗಿದಳು. ಹಣೆಯಲ್ಲಿ ಹೊಲಿಗೆ, ಕೊರಳಿಗೆ ತೂಗುಹಾಕಿದ ಕೈ, ಒಂದು ಹುಬ್ಬು ಮೇಲೆ. ಹೇಳು ನೋಡೋಣ ಅನ್ನುವ ಹಾಗೆ.

"ಇನ್ನೂ ಏನೂ ಇಲ್ಲ ಮೇಡಂ" ಅಂದೆ. "ಮದುವೆ ಆಗಬೇಕು ಅಂತ ನನಗಿದೆ. ಅವರನ್ನ ಕೇಳಿಲ್ಲ. ಕೇಳೋ ಮುಖ ನನಗಿಲ್ಲ. ಅವರ ರೊಟ್ಟಿಗೆ ಕೆಟ್ಟ ಮಾತು ಅಂದಿದ್ದೀನಿ."

ಪೊಲೀಸಮ್ಮ ಪೆನ್ನು ಕೆಳಗಿಟ್ಟರು.

ಶಿವಗಂಗಾ ತಲೆ ತಗ್ಗಿಸಿದಳು. ಹೊರಗಿನಿಂದ ಅವಳ ತಾಯಿಯ ಅಳು ಕೇಳುತ್ತಲೇ ಇತ್ತು. ಅದನ್ನು ಕೇಳುತ್ತಾ ಅವಳ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಬರ್ಕೋರಿ ಮೇಡಂ" ಅಂದಳು. "ಆಕಿ ಒಪ್ಪ್ಯಾಳ ಅಂತ."

"ಹುಚ್ಚಿ ಇದ್ದೀ ಏನವ್ವ? ಇದು ಫಿರ್ಯಾದಿ, ಲಗ್ನಪತ್ರ ಅಲ್ಲ. ಕೋರ್ಟಿನ್ಯಾಗ ವರ್ಷಗಟ್ಟಲೆ ನಡೀತದ. ಪಾಪ, ಈ ಸಾಹೇಬ್ರು ತಾರೀಖಿಗೊಮ್ಮಿ ಮೈಸೂರಿಂದ ಬರ್ಬೇಕಾಗ್ತದ."

"ಬರಲಿ ಬಿಡ್ರಿ" ಅಂದಳು ಶಿವಗಂಗಾ. "ನಾ ಮಟಕಿಯಿಂದ ಬುತ್ತಿ ಕಟ್ಕೊಂಡು ಬರ್ತೇನಿ."

ನಾನು ಸಹಿ ಹಾಕಿದೆ.