ಬಾವಿ ನೀರಿನಲ್ಲಿ ಇಲ್ಲದ್ದು

ಬಾವಿ ನೀರಿನಲ್ಲಿ ಏನೋ ಸಿಕ್ಕಿದೆ ಎಂದು ಗೊತ್ತಾದ ದಿನ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಎಂ.ಎಸ್ಸಿ. ಅನಲಿಟಿಕಲ್ ಕೆಮಿಸ್ಟ್ರಿ, ಕೊನೆಯ ವರ್ಷ. ಬಣ್ಣದ ಕಾರ್ಖಾನೆಯ ಹಿಂದಿರುವ ಬಾವಿಗಳಿಗೆ ಕಾರ್ಖಾನೆಯ ದ್ರಾವಕ ಇಳಿದಿದೆಯೇ ಎಂದು ನೋಡುವುದು ಅವಳ ಪ್ರಾಜೆಕ್ಟು. ನೀರನ್ನು ಪುಟ್ಟ ಗಾಜಿನ ಸೀಸೆಗೆ ಹಾಕಿ, ಇಕ್ಕಳದಿಂದ ಲೋಹದ ಮುಚ್ಚಳ ಬಿಗಿದು ಯಂತ್ರಕ್ಕೆ ಕೊಟ್ಟರೆ, ಯಂತ್ರ ಅದರ ಆವಿಯನ್ನು ಹೀರಿ ಪರದೆಯ ಮೇಲೆ ಒಂದು ಗೆರೆ ಎಳೆಯುತ್ತದೆ. ಏನೂ ಇಲ್ಲದಿದ್ದರೆ ಗೆರೆ ಚಪ್ಪಟೆ. ಏನಾದರೂ ಇದ್ದರೆ ಗೆರೆ ಚಕ್ಕನೆ ಮೇಲೆದ್ದು ಇಳಿಯುತ್ತದೆ, ಅದೇ ಪೀಕ್. ಅವಳ ಪ್ರತಿ ಬಾವಿಯ ನೀರಿನಲ್ಲೂ ಒಂದೇ ಜಾಗದಲ್ಲಿ ಚೂಪಾದ ಪೀಕ್ ಎದ್ದಿತ್ತು. ಬರೀ ಶುದ್ಧ ನೀರು ಹಾಕಿ ನೋಡುವ ಬ್ಲ್ಯಾಂಕಿನಲ್ಲಿ ಮಾತ್ರ ಗೆರೆ ಚಪ್ಪಟೆಯಾಗಿಯೇ ಇತ್ತು. ಅಂದರೆ ಯಂತ್ರ ಚೊಕ್ಕ, ಸೀಸೆ ಚೊಕ್ಕ, ಇರುವುದೆಲ್ಲ ಬಾವಿಯಲ್ಲೇ!

"ಶಭಾಷ್ ಕಣೇ!" ಗೈಡ್ ಮೇಡಂ ಕನ್ನಡಕವನ್ನು ಹಣೆಗೇರಿಸಿದರು. "ಸೆಮಿನಾರಿನಲ್ಲಿ ಇದನ್ನೇ ಹೇಳು. ಹೊರಗಿನ ಪರೀಕ್ಷಕರು ಬರ್ತಾರೆ. ಅವ್ರು ಒಪ್ಪಿದ್ರೆ ಪಿಎಚ್.ಡಿ. ಸೀಟು ನಿಂದೇ ಅಂದ್ಕೋ."

ಆ ಯಂತ್ರದ ಕೋಣೆಯನ್ನು ನೋಡಿಕೊಳ್ಳುತ್ತಿದ್ದವನು ಒಬ್ಬ ರಿಸರ್ಚ್ ಸ್ಕಾಲರ್. ಹುಡುಗಿಯರೆಲ್ಲ ಅವನಿಗೆ ಇಟ್ಟ ಹೆಸರು 'ಯಜಮಾನ್ರು'. ಕಟ್ಟಿಕೊಂಡ ಹೆಂಡತಿಯನ್ನೂ ಯಾರೂ ಹಾಗೆ ಜೋಪಾನ ಮಾಡಲಿಕ್ಕಿಲ್ಲ, ಯಂತ್ರವನ್ನು ಅಷ್ಟು ಜೋಪಾನ ಮಾಡುತ್ತಿದ್ದ. ಮಾತಿನಲ್ಲಿ ಮಾತ್ರ ಮಹಾ ಜಿಪುಣ. ಅಂಥವನು ಅವಳ ಪಾಳಿಯ ದಿನ ಎದ್ದು ಬಂದು, "ಕೊಡಿ, ಆ ಇಕ್ಕಳ ತುಂಬಾ ಬಿಗಿ ಇದೆ. ನಿಮ್ ಕೈ ನೋಯುತ್ತೆ," ಎಂದು ಮುಚ್ಚಳಗಳನ್ನೆಲ್ಲ ತಾನೇ ಬಿಗಿದು ಕೊಡುತ್ತಿದ್ದ. ಬಿಗಿಯುವಾಗ ಅವನ ಕಣ್ಣು ಸೀಸೆಯ ಮೇಲಿರುತ್ತಿತ್ತು. ಕೊಡುವಾಗ ಮಾತ್ರ ಒಂದು ಕ್ಷಣ ಅವಳ ಮೇಲೆ ಬಂದು, ಸಿಕ್ಕಿಬಿದ್ದ ಕಳ್ಳನ ಹಾಗೆ ಓಡಿಹೋಗುತ್ತಿತ್ತು. ಆ ಓಟ ನೋಡುವುದೆಂದರೆ ಅವಳಿಗೆ ಭಾರೀ ಖುಷಿ. ಬ್ಲ್ಯಾಂಕ್ ಸೀಸೆಯನ್ನು ಮಾತ್ರ ಅವನು ಬರುವ ಮೊದಲೇ ತಾನೇ ಮುಚ್ಚಿ ಮುಗಿಸಿರುತ್ತಿದ್ದಳು. ಶುದ್ಧ ನೀರಿಗೂ ಅವನನ್ನು ಕರೆದರೆ ಏನಂದುಕೊಂಡಾನು ಎಂಬ ಸಂಕೋಚ.

ಸೆಮಿನಾರಿಗೆ ಇನ್ನೊಂದು ವಾರವಿದೆ ಎನ್ನುವಾಗ ಅವನು ಅಕ್ಕನ ಮನೆಗೆ ಹೋದ. ಅವತ್ತು ಎಲ್ಲ ಮುಚ್ಚಳಗಳನ್ನೂ ಅವಳೇ ಬಿಗಿದಳು. ಹೆಬ್ಬೆರಳು ಕೆಂಪಾಯಿತು. ಆಮೇಲೆ ಪರದೆ ನೋಡಿದಳು. ಎಲ್ಲ ಬಾವಿಗಳೂ ಚಪ್ಪಟೆ!

"ನೀರು ಸರಿಹೋಗಿದೆ, ಒಳ್ಳೇದೇ ಅಲ್ವೇನೇ?" ಎಂದಳು ರೂಮಿನ ಗೆಳತಿ.

"ಎಲ್ಲ ಬಾವಿಗಳೂ ಮಾತಾಡಿಕೊಂಡು ಒಂದೇ ದಿನ ಸರಿಹೋದ್ವಾ?"

"ಹಳೇ ರಿಸಲ್ಟ್ ಇದೆಯಲ್ಲ, ಅದನ್ನೇ ಹೇಳಿ ಸೀಟು ತಗೊ. ಕೆದಕಬೇಡ, ಮಾರಾಯ್ತಿ."

ಕೆದಕದೆ ಇರಲು ಅವಳಿಂದ ಆದೀತೇ? ಚಿಕ್ಕವಳಿದ್ದಾಗ ಗಡಿಯಾರ ಬಿಚ್ಚಿ ಅಪ್ಪನಿಂದ ಬೈಸಿಕೊಂಡವಳು ಅವಳು. ತಲೆಯೊಳಗೆ ಹುಳ ಹೊಕ್ಕಂತಾಗಿ ಊಟವೂ ಸೇರಲಿಲ್ಲ.

ಯಜಮಾನ್ರು ಹಿಂದಿರುಗಿದ ಮೇಲೆ ಅವಳು ಒಂದು ಕಿತಾಪತಿ ಮಾಡಿದಳು. ಎಲ್ಲ ಸೀಸೆಗಳಿಗೂ ಬರೀ ಶುದ್ಧ ನೀರು ತುಂಬಿದಳು. ಅರ್ಧವನ್ನು ತಾನು ಮುಚ್ಚಿದಳು. ಉಳಿದರ್ಧವನ್ನು ಮುಖದಲ್ಲಿ ಏನೂ ತೋರಗೊಡದೆ ಅವನ ಮುಂದಿಟ್ಟಳು.

ಅವಳು ಮುಚ್ಚಿದ್ದೆಲ್ಲ ಚಪ್ಪಟೆ. ಅವನು ಮುಚ್ಚಿದ್ದರಲ್ಲೆಲ್ಲ ಅದೇ ಪೀಕ್, ಅದೇ ಜಾಗದಲ್ಲಿ.

ಅವಳು ಕುರ್ಚಿ ಸರಿಸಿ ಎದ್ದಳು. "ನಿಮ್ ಕೈ ಕೊಡಿ."

"ಆಂ?"

"ಕೈ. ಬಲಗೈ."

ಅವನು ಕೊಟ್ಟ. ಅವಳು ಬಗ್ಗಿ ಅವನ ಮಣಿಕಟ್ಟನ್ನು ಮೂಸಿದಳು. ಆ ಕೋಣೆಗೆ ಬಂದಾಗಲೆಲ್ಲ ಬರುತ್ತಿದ್ದ ತಿಳಿಯಾದ ಸುವಾಸನೆ! ಅದು ಕೋಣೆಯದೇ ಎಂದುಕೊಂಡು, ಕೋಣೆಯನ್ನು ಅಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದಾನೆ ಎಂದು ಮನಸ್ಸಿನಲ್ಲೇ ಹೊಗಳಿದ್ದಳು. ಅವನ ಕಿವಿ ಕೆಂಡದಂತಾಗಿತ್ತು. ಕೈ ಬಿಡಬೇಕೆಂದು ಗೊತ್ತಿದ್ದೂ ಅವಳು ಬಿಡಲಿಲ್ಲ.

"ಇದೇ," ಎಂದಳು ಮೆಲ್ಲಗೆ.

"ಏನು?"

"ನನ್ ಪೀಕು."

ಅವನಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವನೂ ಅದೇ ಓದು ಓದಿದವನು. ಪರದೆ ನೋಡಿದ, ಇಕ್ಕಳ ನೋಡಿದ, ತನ್ನ ಕೈ ನೋಡಿಕೊಂಡ. ಮುಖ ಪೂರ್ತಿ ಬಿಳಿಚಿಕೊಂಡಿತು.

"ಸೆಂಟು. ಅಕ್ಕ ಕೊಟ್ಟಿದ್ದು. 'ಯಾವಾಗ್ಲೂ ಅಸಿಟೋನ್ ವಾಸನೆ ಹೊಡೀತೀಯಲ್ಲೋ, ಯಾವ ಹುಡುಗಿ ಹತ್ರ ಬಂದಾಳು' ಅಂತ. ಅಯ್ಯೋ... ಬಾವಿಯಲ್ಲಿ ಏನೂ ಇಲ್ವಾ ಹಾಗಾದ್ರೆ?"

"ಏನೂ ಇಲ್ಲ."

"ನಿಮ್ ಸೀಟು?"

ಅವಳಿಗೆ ಅಳು ಬಂದುಬಿಟ್ಟಿತು. ಅವನ ಮುಂದೆಯೇ ಅತ್ತಳು. ಅವನು ಪಕ್ಕದಲ್ಲಿದ್ದ ಟಿಶ್ಯೂ ಡಬ್ಬಿಯತ್ತ ಕೈ ಚಾಚಿ, ಮುಟ್ಟಿದರೆ ಅದಕ್ಕೂ ವಾಸನೆ ಹತ್ತೀತೆಂಬಂತೆ ಕೈ ಹಿಂದಕ್ಕೆ ಎಳೆದುಕೊಂಡ. "ನನ್ನಿಂದ ಆಗಿದ್ದು ಅಂತ ಹೇಳಿ. ನಿಮ್ ತಪ್ಪಿಲ್ಲ," ಎಂದ.

ಅವನ ಹೆಸರು ಹೇಳಬಾರದೆಂದು ಅವಳು ಅಲ್ಲೇ ತೀರ್ಮಾನಿಸಿದ್ದಳು. ಮೇಡಂ ಹತ್ತಿರ ಹೋಗಿ, ಪೀಕ್ ಸುಳ್ಳು, ಮುಚ್ಚುವಾಗ ಸೇರಿದ ಕಲ್ಮಶ ಎಂದಷ್ಟೇ ಹೇಳಿದಳು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ಸೆಮಿನಾರಿನಲ್ಲೂ ಇದನ್ನೇ ಹೇಳು. ಸೀಟಿನ ವಿಷಯ ನನ್ ಕೈಲಿಲ್ಲ," ಎಂದರು.

ಸೆಮಿನಾರಿನ ದಿನ ಹಾಲ್ ತುಂಬಿತ್ತು. ಬಾವಿಗಳು ಶುದ್ಧವಾಗಿವೆ, ತಪ್ಪು ತನ್ನದು, ಬ್ಲ್ಯಾಂಕನ್ನೂ ಬಾವಿ ನೀರನ್ನೂ ಒಂದೇ ಕೈ ಮುಚ್ಚಬೇಕಿತ್ತು ಎಂದು ಅವಳು ಹೇಳಿ ಮುಗಿಸಿದಳು. ಪರೀಕ್ಷಕರು ಗಡ್ಡ ನೀವಿಕೊಂಡರು.

"ಕಲ್ಮಶದ ಮೂಲ ಯಾವುದಮ್ಮ?"

"ಒಂದು ಸುಗಂಧದ್ರವ್ಯ, ಸರ್. ಯಾರದು ಅಂತ..."

"ನಂದು, ಸರ್. ಯಂತ್ರದ ಕೋಣೆ ನೋಡ್ಕೊಳ್ಳೋನು ನಾನೇ." ಹಿಂದಿನ ಸಾಲಿನಲ್ಲಿ ಯಜಮಾನ್ರು ಎದ್ದು ನಿಂತಿದ್ದರು.

ಪರೀಕ್ಷಕರು ತಿರುಗಿದರು. "ನೀವು ದಿನವಿಡೀ ಆ ಕೋಣೆಯಲ್ಲೇ ಇರ್ತೀರಲ್ಲ? ಆ ಇಕ್ಕಳ, ಆ ಮುಚ್ಚಳದ ಡಬ್ಬಿ ಎಲ್ಲ ಮುಟ್ತೀರಿ. ಬೇರೆಯವರ ಗೆರೆಗಳನ್ನೂ ಇವತ್ತು ನೋಡಿದೆ, ಅವುಗಳಲ್ಲಿ ಒಂದು ಚೂರಾದ್ರೂ ಕಾಣಬೇಕಿತ್ತು. ಯಾಕೆ ಕಂಡಿಲ್ಲ?"

ಅವಳೂ ತಿರುಗಿ ನೋಡಿದಳು. ಹೌದಲ್ಲ! ಇದು ತನಗೇ ಹೊಳೆದಿರಲಿಲ್ಲವಲ್ಲ!

ಅವನು ನೆಲ ನೋಡಿದ, ಸೂರು ನೋಡಿದ. ಕೊನೆಗೆ ನೇರವಾಗಿ ಅವಳನ್ನು ನೋಡಿದ. ಈ ಸಲ ಕಣ್ಣು ಓಡಲಿಲ್ಲ.

"ಬೇರೆಯವರ ದಿನ ಹಾಕ್ಕೊಳ್ಳಲ್ಲ, ಸರ್."

ಹಾಲಿನಲ್ಲಿ ಎದ್ದ ನಗೆಗೆ ಕಿಟಕಿ ಗಾಜು ಅದುರಿತು. ಮೇಡಂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಪರೀಕ್ಷಕರು ಮಾತ್ರ ಗಂಭೀರವಾಗಿಯೇ, "ಪೂರ್ತಿ ಉತ್ತರ ಈಗ ಸಿಕ್ತು," ಎಂದು ಅವಳತ್ತ ತಿರುಗಿದರು. "ಸಿಕ್ಕಿದ ರಿಸಲ್ಟನ್ನ ತಾನೇ ಅನುಮಾನಿಸಿ ನೋಡೋರು ಕಡಿಮೆ ಕಣಮ್ಮ. ನೀರು ಮತ್ತೆ ತಂದು, ಮೊದಲಿನಿಂದ ಮಾಡಿ ತೋರಿಸು. ಸೀಟಿನ ಮಾತು ಅಲ್ಲೀವರೆಗೂ ತೆರೆದೇ ಇರ್ಲಿ."

ಹೊರಗೆ ವರಾಂಡದಲ್ಲಿ ಅವನು ಕಂಬಕ್ಕೆ ಒರಗಿ ನಿಂತಿದ್ದ. ಅವಳು ಹೋಗಿ ಎದುರಿಗೆ ನಿಂತಳು.

"ಎಲ್ಲರ ಮುಂದೆ ಹೇಳಿದ್ರಲ್ಲ, ನನಗೊಬ್ಬಳಿಗೆ ಮೊದಲೇ ಹೇಳೋಕೆ ಏನಾಗಿತ್ತು?"

"ನೀವು ಕೇಳಲೇ ಇಲ್ಲ."

"ಎಲ್ಲಾನೂ ಕೇಳೋಳು, ಅದೊಂದನ್ನ ಕೇಳೋಕೆ ಭಯ ಇತ್ತು." ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಇಲ್ಲ ಅಂದ್ಬಿಟ್ರೆ ಅಂತ."

ಅವನ ಮುಖ ಅರಳಿತು. ಅಷ್ಟು ಅಗಲವಾಗಿ ಅವನು ನಕ್ಕಿದ್ದನ್ನು ಯಂತ್ರವೂ ನೋಡಿರಲಿಕ್ಕಿಲ್ಲ.

"ನಾಳೆ ನೀರು ತರೋಕೆ ಹೋಗ್ತಿದ್ದೀನಿ. ಕ್ಯಾನು ಭಾರ," ಎಂದಳು.

"ಬರ್ತೀನಿ. ಸೆಂಟು ಹಾಕ್ಕೊಳ್ಳಲ್ಲ, ಆಣೆ."

"ಹಾಕ್ಕೊಂಡೇ ಬನ್ನಿ. ಆದ್ರೆ ನಾನು ನೀರು ತುಂಬಿ ಎಲ್ಲ ಕ್ಯಾನುಗಳ ಮುಚ್ಚಳ ಹಾಕೋವರೆಗೂ ದೂರ ನಿಂತಿರಬೇಕು."

"ಹಾಕಿದ್ಮೇಲೆ?"

"ಪಿಎಚ್.ಡಿ. ಮಾಡೋರಿಗೆ ಅದನ್ನೂ ನಾನೇ ಹೇಳ್ಕೊಡ್ಬೇಕಾ?"