ಮೂರು ಇಪ್ಪತ್ತರೊಳಗೆ ಮುಟ್ಟಬೇಕಾದ ಒಪ್ಪಿಗೆ

2025ರ ಆಗಸ್ಟ್ 11, ಸೋಮವಾರ, ಬೆಳಿಗ್ಗೆ 10.15. ಕಳಸ ಕಡೆಯ ಮಾವಿನಕೊಪ್ಪ ಠಾಣೆಗೆ ಮೊಬೈಲ್ ಟವರಿನ ತಂತ್ರಜ್ಞ ದಿಲೀಪ್ ಮೂಡಿಗೆರೆಯಿಂದ ಬಂದು ದೂರು ಕೊಟ್ಟ. ಗಾಳಿಗೆ ವಿದ್ಯುತ್ ಕಂಬ ಉರುಳಿ, ಎರಡು ವಾರದಿಂದ ಟವರು ಜನರೇಟರಿನ ಮೇಲೆ ನಡೆಯುತ್ತಿತ್ತು. ಅದನ್ನು ಯಾರೋ 5ನೇ ತಾರೀಕು, ಮತ್ತೆ 8ನೇ ತಾರೀಕು, ಮಧ್ಯಾಹ್ನ 2.55ಕ್ಕೆ ನಿಲ್ಲಿಸಿ, 3.25ಕ್ಕೆ ಪುನಃ ಶುರು ಮಾಡಿ ಹೋಗಿದ್ದರು.

"ಏನು ಕದ್ದಿದ್ದಾರೆ?" ಪಿಎಸ್‌ಐ ಭುವನಾ ಕೇಳಿದಳು.

"ಏನೂ ಇಲ್ಲ ಮೇಡಂ."

"ಅರ್ಧ ಗಂಟೆ ನೆಟ್‌ವರ್ಕ್ ಹೋಗೋದು ನಮ್ಮೂರಲ್ಲಿ ಯಾವ ಅಪರಾಧ ಮಾರಾಯ!" ಎಂದ ಹೆಡ್ ಕಾನ್‌ಸ್ಟೆಬಲ್ ಸೋಮಶೇಖರಪ್ಪ. ಆದರೂ ಎಫ್‌ಐಆರ್ ದಾಖಲಾಯಿತು.

12.30ಕ್ಕೆ ಸ್ಥಳ ಪಂಚನಾಮೆ. ಶೆಡ್ಡಿನ ಬೀಗ ಒಡೆದಿರಲಿಲ್ಲ. ಚಿಲಕದ ಸ್ಕ್ರೂ ಬಿಚ್ಚಿ, ಹೋಗುವಾಗ ಮತ್ತೆ ತಿರುಪಿದ್ದರು. ಬ್ಯಾಟರಿಯ ತುದಿಗಳನ್ನು ಒರೆಸಿ ಗ್ರೀಸ್ ಹಚ್ಚಿದ್ದರು. ಸಡಿಲವಾಗಿದ್ದ ಬೆಲ್ಟು ಬಿಗಿಯಾಗಿತ್ತು. ಇದ್ಯಾವುದನ್ನೂ ತಾನು ಮಾಡಿಲ್ಲ ಎಂದ ದಿಲೀಪ್.

ಸೋಮಶೇಖರಪ್ಪ ಬರೆಯುವುದನ್ನು ನಿಲ್ಲಿಸಿದ. "ಹಾಳು ಮಾಡೋಕೆ ಬಂದೋನು ಗ್ರೀಸ್ ಹಚ್ಚಿ ಹೋಗ್ತಾನಾ? ಎಂಥ ಕಳ್ಳನಪ್ಪಾ ಇವ!"

ಭುವನಾಗೆ ನಗು ತಡೆಯಲಾಗಲಿಲ್ಲ. "ಯಂತ್ರ ಅಂದ್ರೆ ಜೀವ ಬಿಡೋನೇ ಇರಬೇಕು. ಆ ಅರ್ಧ ಗಂಟೇಲಿ ಊರಲ್ಲಿ ಯಾರ ಕೆಲಸ ಕೆಟ್ಟಿತು ಅಂತ ವಿಚಾರಿಸಿ."

ವಿಚಾರಿಸಿದಾಗ ಸಿಕ್ಕಿದ್ದು ಆರೋಗ್ಯ ಉಪಕೇಂದ್ರದ ನರ್ಸ್ ತನುಜಾ. ಅವಳ ಐದು ವರ್ಷದ ಮಗಳು ಧನ್ಯಾ ಚಿತ್ರದುರ್ಗದಲ್ಲಿ ಅಪ್ಪನ ಜೊತೆ ಇದ್ದಳು. ತನುಜಾ ಮೂರು ವರ್ಷದಿಂದ ಇಲ್ಲಿ. ವರ್ಗಾವಣೆಯ ಆನ್‌ಲೈನ್ ಕೌನ್ಸೆಲಿಂಗ್ ನಡೆದದ್ದು ಆ ಎರಡೇ ದಿನ, ಮೂರರಿಂದ ಮೂರು ಇಪ್ಪತ್ತರವರೆಗೆ.

"ಚಿತ್ರದುರ್ಗದ ಜಾಗ ನನ್ನ ಹೆಸರಿಗೆ ಹಿಡಿದಿಡ್ತಾರೆ ಮೇಡಂ. ನಾನು ಫೋನಲ್ಲಿ ಒಪ್ಪಿಗೆ ಒತ್ತಬೇಕು, ಅದು ಅಲ್ಲಿಗೆ ಮುಟ್ಟಬೇಕು, ಮುಟ್ಟಿತು ಅಂತ ವಾಪಸ್ ಉತ್ತರ ಬರಬೇಕು. ಅಷ್ಟರೊಳಗೆ ಮುಟ್ಟಲಿಲ್ಲ ಅಂದ್ರೆ ಜಾಗ ಬಿಟ್ಟುಕೊಡ್ತಾರೆ, ಎಲ್ಲ ಮೊದಲಿದ್ದ ಹಾಗೆ. ಅರ್ಧ ಆಯ್ತು ಅನ್ನೋದೇ ಇಲ್ಲ. ಹದಿಮೂರಕ್ಕೆ ಕೊನೇ ಸುತ್ತು. ಅದೂ ತಪ್ಪಿದ್ರೆ ಇನ್ನೊಂದು ವರ್ಷ."

"ದಿನ, ಹೊತ್ತು ಯಾರಿಗೆ ಹೇಳಿದ್ರಿ?"

"ಒಂದೇ ಮನೇಲಿ. ಇಸ್ಮತ್ ಅಮ್ಮನ ಕಾಲಿಗೆ ದಿನಾ ಡ್ರೆಸ್ಸಿಂಗ್ ಮಾಡ್ತೀನಲ್ಲ, ಅಲ್ಲಿ."

ಇಸ್ಮತ್‌ಳ ಗಂಡ ಜಿಯಾಉದ್ದೀನ್ ಊರಿನ ಮೆಕ್ಯಾನಿಕ್. ಜೀಪು, ಪಂಪ್‌ಸೆಟ್ಟು, ಜನರೇಟರು, ಏನು ಕೆಟ್ಟರೂ ಅವನೇ ಬೇಕು. ಠಾಣೆಯ ಹಳೇ ಜೀಪು ಓಡುತ್ತಿದ್ದದ್ದೂ ಅವನ ಕೈಗುಣದಿಂದ. ಭುವನಾಗೆ ಸಂಕಟವಾಯಿತು.

13ನೇ ತಾರೀಕು, ಬುಧವಾರ. ತನುಜಾಳ ಮೇಲಧಿಕಾರಿಯಿಂದ ಅನುಮತಿ ಪಡೆದು, ಭುವನಾ ಅವಳನ್ನು ಟವರಿನ ಹತ್ತಿರವೇ ಮರೆಯಲ್ಲಿ ನಿಲ್ಲಿಸಿದ್ದ ಜೀಪಿನಲ್ಲಿ ಕೂರಿಸಿದಳು. 2.50ಕ್ಕೆ ಜಿಯಾಉದ್ದೀನ್ ಸ್ಪ್ಯಾನರ್ ಹಿಡಿದು ಶೆಡ್ಡಿಗೆ ಬಂದ. ಸೋಮಶೇಖರಪ್ಪ ಕೈ ಹಿಡಿದಾಗ ಓಡಲಿಲ್ಲ, ಕೊಸರಾಡಲೂ ಇಲ್ಲ.

"ಏನು ಜಿಯಾ ಭಾಯಿ, ಈ ವಯಸ್ಸಲ್ಲಿ ಇದು ಬೇಕಿತ್ತಾ?"

ಜಿಯಾಉದ್ದೀನ್ ಸ್ಪ್ಯಾನರನ್ನು ಕೆಳಗಿಟ್ಟ.

3.02ಕ್ಕೆ ತನುಜಾ ಪುಟ ತೆರೆದಳು. 3.04ಕ್ಕೆ ಜನರೇಟರು ಎರಡು ಸಲ ಕೆಮ್ಮಿ ತಾನಾಗೇ ನಿಂತಿತು!

"ದೇವರಾಣೆ ನಾನು ಮುಟ್ಟಿಲ್ಲ!" ಎಂದ ಸೋಮಶೇಖರಪ್ಪ. ದಿಲೀಪ್ ಮೂಡಿಗೆರೆಯಲ್ಲಿದ್ದ. ತನುಜಾ ಫೋನನ್ನು ಎದೆಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ಡೀಸೆಲ್ ಪೈಪಿಗೆ ಗಾಳಿ ಹೊಕ್ಕಿದೆ," ಎಂದ ಜಿಯಾಉದ್ದೀನ್. "ಶಬ್ದದಲ್ಲೇ ಗೊತ್ತಾಯ್ತು. ನನ್ನ ಕೈ ಬಿಡಿ ಮೇಡಂ."

ಬಿಟ್ಟರೆ ಇನ್ನಷ್ಟು ಕೆಡಿಸಿಬಿಟ್ಟರೆ? ಬಿಡದಿದ್ದರೆ ಜಾಗವಂತೂ ಹೋಯಿತು, ಆ ಮಗು ಇನ್ನೊಂದು ವರ್ಷ ಅಮ್ಮನಿಗಾಗಿ ಕಾಯಬೇಕು. ಭುವನಾ ಗಡಿಯಾರ ನೋಡಿದಳು. 3.06.

"ಬಿಡ್ರಿ ಅವರನ್ನ."

ಜಿಯಾಉದ್ದೀನ್ ನಟ್ಟು ಸಡಿಲಿಸಿ, ಗುಳ್ಳೆ ಗುಳ್ಳೆಯಾಗಿ ಬರುತ್ತಿದ್ದ ಡೀಸೆಲ್ ನಿಲ್ಲದೆ ಹರಿಯುವ ತನಕ ಪಂಪು ಒತ್ತಿದ. 3.11ಕ್ಕೆ ಎಂಜಿನ್ ಹಿಡಿಯಿತು. ಟವರು ಎಚ್ಚರಗೊಳ್ಳಲು ಇನ್ನೂ ಆರು ನಿಮಿಷ. ತನುಜಾ 3.18ಕ್ಕೆ ಒತ್ತಿದಳು, ಪರದೆಯ ಮೇಲಿನ ಚಕ್ರ ಸುತ್ತಿತು, ಸುತ್ತಿತು. 3.19ಕ್ಕೆ ಉತ್ತರ ಬಂತು: ಒಪ್ಪಿಗೆ ದಾಖಲಾಗಿದೆ.

ತನುಜಾ ಓಡಿಬಂದು ಜಿಯಾಉದ್ದೀನನ ಎಣ್ಣೆಗೈ ಹಿಡಿದುಕೊಂಡಳು. "ಒಂದು ಮಾತು ಹೇಳಬಾರದಿತ್ತಾ ಸಾಬ್ರೇ? ನಿಮ್ಮ ಸೊಸೆ ಹುಮಾಗೆ ಡ್ರೆಸ್ಸಿಂಗ್ ನಾನೇ ಕಲಿಸಿಕೊಡ್ತಿದ್ದೆ. ಕಲಿಸೇ ಹೋಗ್ತೀನಿ."

3.40ಕ್ಕೆ ಬಂಧನ. 4.45ಕ್ಕೆ ಠಾಣೆಯಲ್ಲಿ ಹೇಳಿಕೆ. ಸೋಮಶೇಖರಪ್ಪ ಕೇಳದೆಯೇ ಟೀ ತಂದಿಟ್ಟ.

"ಯಾಕೆ ಮಾಡಿದ್ರಿ?" ಭುವನಾ ಕೇಳಿದಳು.

"ಇಸ್ಮತ್‌ಗೆ ಶುಗರ್. ಒಂದು ಕಾಲು ಆಗಲೇ ತೆಗೆದಿದ್ದಾರೆ ಮೇಡಂ. ಇನ್ನೊಂದನ್ನ ಉಳಿಸಿದ್ದು ಈ ಹುಡುಗಿ. ಅವಳು ಹೋದ್ರೆ ಏನು ಗತಿ ಅಂತ ಹೆದರಿಬಿಟ್ಟೆ."

"ಮತ್ತೆ ಇವತ್ತು ನೀವೇ ಯಾಕೆ ಸ್ಟಾರ್ಟ್ ಮಾಡಿದ್ರಿ? ಸುಮ್ನೆ ನಿಂತಿದ್ರೆ ಆಗ್ತಿತ್ತಲ್ಲ."

ಜಿಯಾಉದ್ದೀನ್ ಕಣ್ಣೊರೆಸಿಕೊಂಡ. "ಹೋದ ಎರಡು ಸಲ ಅವಳು ಅಳೋದನ್ನ ನಾನು ನೋಡಿರಲಿಲ್ಲ ಮೇಡಂ."

ಭುವನಾ ಹೇಳಿಕೆಯಲ್ಲಿ ಅದನ್ನು ಹಾಗೆಯೇ ಬರೆದುಕೊಂಡಳು.