ಗುಬ್ಬಿಯ ಡಬ್ಬಿ

"ಮುಚ್ಚಳ ಹಾಕ್ಬೇಡ! ನಾನು ನೋಡ್ಬೇಕು!"

ಗುಬ್ಬಿ ಸ್ಟೂಲ್ ಹತ್ತಿ ನಿಂತು ಊಟದ ಡಬ್ಬಿಯೊಳಗೆ ಮೂಗು ತೂರಿಸಿದ. ಚೂಟಿ ತಮ್ಮನ ಹಣೆಗೆ ಬೆರಳಿಟ್ಟು ಮೆಲ್ಲಗೆ ಹಿಂದಕ್ಕೆ ತಳ್ಳಿದಳು.

"ಮೂಗು ಆಚೆ! ಅನ್ನ, ಆಲೂಗಡ್ಡೆ, ಬೇಯಿಸಿದ ಮೊಟ್ಟೆ. ನೋಡಿದ್ದಾಯ್ತಾ?"

"ಮತ್ತೆ ಆಲೂಗಡ್ಡೆನಾ?"

"ನಿನ್ನೆ ಉದ್ದುದ್ದ ಹೆಚ್ಚಿದ್ದೆ. ಇವತ್ತು ಗುಂಡಗೆ ಹೆಚ್ಚಿದ್ದೀನಿ. ಬೇರೆ ಬೇರೆ."

"ಹೊಟ್ಟೆಗೆ ಹೋದ್ಮೇಲೆ ಎಲ್ಲಾ ಒಂದೇ," ಎಂದ ಗುಬ್ಬಿ. ಓದುವುದು ಒಂದನೇ ಕ್ಲಾಸು, ಮಾತು ಮಾತ್ರ ಮುದುಕನದು.

ಗುಬ್ಬಿಗೆ ಗೋಧಿ ಆಗುತ್ತಿರಲಿಲ್ಲ. ಬ್ರೆಡ್ಡು, ಬಿಸ್ಕತ್ತು, ಕೇಕು, ನೂಡಲ್ಸು ಯಾವುದೂ ಆಗುತ್ತಿರಲಿಲ್ಲ. ಒಂದು ಚೂರು ಬಾಯಿಗೆ ಹೋದರೂ ಸಾಕು, ಮೈಯೆಲ್ಲ ದದ್ದು ಏಳುತ್ತಿತ್ತು. ತಮಾಷೆ ಅಂದರೆ ಅಪ್ಪ ಕೆಲಸ ಮಾಡುತ್ತಿದ್ದುದೇ ಬೇಕರಿಯಲ್ಲಿ. ಬೀದಿಯ ಮಂದಿಯೆಲ್ಲ ಅಪ್ಪ ಮಾಡಿದ ಬ್ರೆಡ್ ತಿನ್ನುತ್ತಿದ್ದರು. ಅಪ್ಪನ ಮಗ ಮಾತ್ರ ಅದನ್ನು ಮುಟ್ಟುವ ಹಾಗಿರಲಿಲ್ಲ. ಕೆಲಸ ಮುಗಿಸಿ ಬಂದ ಅಪ್ಪ ಸೀದಾ ಬಚ್ಚಲಿಗೆ ನಡೆಯುತ್ತಿದ್ದ. ಸ್ನಾನ ಮಾಡಿ, ಬಟ್ಟೆ ಬದಲಿಸಿದ ಮೇಲೆಯೇ ಗುಬ್ಬಿಯನ್ನು ಎತ್ತಿಕೊಳ್ಳುತ್ತಿದ್ದ.

ಮೊದಲೆಲ್ಲ ಗುಬ್ಬಿಯ ಡಬ್ಬಿ ಕಟ್ಟುತ್ತಿದ್ದವಳು ಅಮ್ಮ. ಅಮ್ಮ ಸಿಟಿ ಬಸ್ ಡ್ರೈವರ್. ಯಾರಾದರೂ ರಜೆ ಹಾಕಿದರೆ ಅವರ ಬಸ್ಸನ್ನು ಓಡಿಸುವ ಬದಲಿ ಡ್ರೈವರ್ ಆಗಿಯೇ ಎಷ್ಟೋ ಕಾಲ ಕಳೆದಿದ್ದಳು. ಈಗ ಅವಳದೇ ಅಂತ ಒಂದು ರೂಟು ಸಿಕ್ಕಿತ್ತು, ಬೆಳಗಿನ ಮೊದಲ ಬಸ್ಸು. ಆದರೆ ಅವಳು ಮನೆ ಬಿಡುವಾಗ ಮಕ್ಕಳು ಇನ್ನೂ ಹೊದಿಕೆಯೊಳಗೆ ಇರುತ್ತಿದ್ದರು. ಅಪ್ಪ ರಾತ್ರಿ ಪಾಳಿ ಮುಗಿಸಿ ಬೇಕರಿಯಿಂದ ಬರುವಷ್ಟರಲ್ಲಿ ಅವರು ಶೂ ಹಾಕಿಕೊಳ್ಳುತ್ತಿದ್ದರು. ನಡುವೆ ಡಬ್ಬಿ ಕಟ್ಟುವವರು ಯಾರು?

"ನಾನು," ಎಂದಿದ್ದಳು ಐದನೇ ಕ್ಲಾಸಿನ ಚೂಟಿ.

"ನಿನ್ನ ಕೈಲಾಗುತ್ತಾ?"

"ಆಗುತ್ತಮ್ಮ. ನೀನು ಬೇಯಿಸಿಟ್ಟು ಹೋಗು ಸಾಕು."

ಅಮ್ಮ ಎಲ್ಲ ಹೇಳಿಕೊಟ್ಟಿದ್ದಳು. ಹಸಿರು ಹಿಡಿಯ ಚಾಕು ಗುಬ್ಬಿಯದು, ಅದರಲ್ಲಿ ಬ್ರೆಡ್ ಕೊಯ್ಯಬಾರದು. ಮೊದಲು ಕೈ ತೊಳೆಯಬೇಕು, ಆಮೇಲೆ ಡಬ್ಬಿ ಮುಟ್ಟಬೇಕು. ಗುಬ್ಬಿಗೂ ಒಂದು ಪಾಠವಿತ್ತು. ಶಾಲೆಯಲ್ಲಿ ಯಾರಿಂದಲೂ ತಗೋಬಾರದು, ಯಾರಿಗೂ ಕೊಡಬಾರದು. ಚೂಟಿ ಅದನ್ನು ದಿನಾ ಬೆಳಿಗ್ಗೆ ಅವನ ಬಾಯಲ್ಲೇ ಹೇಳಿಸುತ್ತಿದ್ದಳು.

ಅವತ್ತೂ ಹೇಳಿಸಿದಳು. ಗುಬ್ಬಿ ರಾಗವಾಗಿ ಹೇಳಿ, ಡಬ್ಬಿಯನ್ನು ಬ್ಯಾಗಿಗೆ ತುರುಕಿಕೊಂಡ.

ಮಧ್ಯಾಹ್ನ ಊಟದ ಬೆಲ್ ಹೊಡೆದು ಸ್ವಲ್ಪ ಹೊತ್ತಾಗಿತ್ತು. ಆಯಾ ಏದುಸಿರು ಬಿಡುತ್ತ ಐದನೇ ಕ್ಲಾಸಿನ ಬಾಗಿಲಿಗೆ ಬಂದಳು.

"ಚೂಟಿ, ಬೇಗ ಬಾಮ್ಮ. ನಿನ್ನ ತಮ್ಮ..."

ಚೂಟಿ ಎದ್ದು ಓಡಿದಳು. ಆಫೀಸಿನ ಪಕ್ಕದ ಕೋಣೆಯಲ್ಲಿ ಗುಬ್ಬಿ ಮಂಚದ ಮೇಲೆ ಕೂತಿದ್ದ. ಮೇಲ್ತುಟಿ ಊದಿಕೊಂಡು ಮುಖವೇ ಬೇರೆಯಾಗಿತ್ತು. ಕುತ್ತಿಗೆ, ಕೈ ಎಲ್ಲ ಕೆಂಪು ಕೆಂಪು ದದ್ದು. ಟೀಚರ್ ಆಗಲೇ ಔಷಧಿ ಕುಡಿಸಿದ್ದರು.

"ಬಿಸ್ಕತ್ತು ತಿಂದುಬಿಟ್ಟಿದ್ದಾನೆ. ಒಂದೇ ಕಚ್ಚು ಅಂತೆ," ಎಂದರು ಟೀಚರ್.

ಫೋನ್ ಹೋದ ಕೂಡಲೇ ಅಪ್ಪ ಓಡಿ ಬಂದ. ಹಗಲಲ್ಲೂ ಇನ್ನೊಂದು ಪಾಳಿ ಇದ್ದ ದಿನ ಅದು. ಬೇಕರಿಯಿಂದ ಹಾಗೇ ಬಂದಿದ್ದ, ಅಂಗಿಯ ತೋಳೆಲ್ಲ ಹಿಟ್ಟು. ಒಳಗೆ ಕಾಲಿಡಲು ಹೋದವನು ತನ್ನ ತೋಳು ನೋಡಿಕೊಂಡು ಬಾಗಿಲಲ್ಲೇ ನಿಂತುಬಿಟ್ಟ.

"ಅಪ್ಪಾ," ಎಂದು ಗುಬ್ಬಿ ಎರಡೂ ಕೈ ಚಾಚಿದ.

"ಬಂದೆ ಕಂದಾ, ಬಂದೆ. ಒಂದೇ ನಿಮಿಷ." ಅಪ್ಪ ಅಲ್ಲೇ ಅಂಗಿ ಬಿಚ್ಚಿ ಹೊರಗೆ ಎಸೆದ. ನಲ್ಲಿಯ ಕೆಳಗೆ ಮುಖ, ಮೊಣಕೈವರೆಗೂ ಕೈ ಉಜ್ಜಿ ಉಜ್ಜಿ ತೊಳೆದ. ಅಷ್ಟು ಹೊತ್ತೂ ಗುಬ್ಬಿ ಕೈ ಚಾಚಿಕೊಂಡೇ ಇದ್ದ. ಕೊನೆಗೆ ಬನಿಯನ್ನಿನಲ್ಲೇ ಬಂದ ಅಪ್ಪ ಮಗನನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಹೊರಟ.

ಸಂಜೆಗೆ ತುಟಿ ಇಳಿಯಿತು. ಗುಬ್ಬಿ ಬೇಗ ನಿದ್ದೆ ಹೋದ. ಅಮ್ಮ ಡ್ರೈವರ್ ಯೂನಿಫಾರ್ಮನ್ನು ಬದಲಿಸದೆ ಅವನ ಪಕ್ಕದಲ್ಲೇ ಕೂತಿದ್ದಳು.

"ಡಿಪೋದಲ್ಲಿ ಹೇಳಿಬಿಡ್ತೀನಿ. ಈ ರೂಟು ಬೇರೆಯವರಿಗೆ ಕೊಡಲಿ. ನಾನು ಬದಲಿ ಡ್ರೈವರ್ ಆಗೇ ಇರ್ತೀನಿ."

"ಬೇಡಮ್ಮ!" ಎಂದಳು ಚೂಟಿ.

"ನಿಂದೇನೂ ತಪ್ಪಿಲ್ಲ ಮಗಳೇ."

"ತಪ್ಪಿನ ಮಾತಲ್ಲ. ನನಗೊಂದು ವಾರ ಟೈಮ್ ಕೊಡು. ಆಮೇಲೂ ಆಗಲಿಲ್ಲ ಅಂದ್ರೆ ನೀನು ಹೇಳಿದ ಹಾಗೇ."

ಅಮ್ಮ ಅವಳ ಮುಖವನ್ನೇ ನೋಡಿದಳು. "ಸರಿ. ಒಂದು ವಾರ."

ಚೂಟಿ ಯೋಚಿಸಿದಳು. ದಿನಾ ಅದೇ ಆಲೂಗಡ್ಡೆ ಅಂದರೆ ಯಾರಿಗೆ ತಾನೇ ಬೇಜಾರಾಗಲ್ಲ? ಅದಕ್ಕೇ ಬಿಸ್ಕತ್ತಿಗೆ ಬಾಯಿ ಹಾಕಿದ್ದಾನೆ. ಊಟ ಚೆನ್ನಾಗಿದ್ದರೆ ಅವನ ಕಣ್ಣು ಪಕ್ಕದ ಡಬ್ಬಿಗೆ ಹೋಗುವುದೇ ಇಲ್ಲ.

ಮಾರನೆಯ ದಿನ ಅವಳು ಇನ್ನೂ ಬೇಗ ಎದ್ದಳು. ಸೌತೆಕಾಯಿಯನ್ನು ನಕ್ಷತ್ರದ ಹಾಗೆ ಕೊಯ್ದಳು. ಬೆರಳೂ ಚೂರು ಕೊಯ್ದುಹೋಯಿತು, ಚೀಪಿಕೊಂಡು ಕೈ ತೊಳೆದು ಪಟ್ಟಿ ಸುತ್ತಿಕೊಂಡಳು. ಮೊಟ್ಟೆಯನ್ನು ಅರ್ಧ ಮಾಡಿ, ಕ್ಯಾರೆಟ್ಟಿನ ಹಾಯಿ ಸಿಕ್ಕಿಸಿ ದೋಣಿ ಮಾಡಿದಳು. ಅದರ ಮಾರನೆಯ ದಿನ ಅನ್ನವನ್ನು ಉಂಡೆ ಮಾಡಿ, ಜೋಳದ ಕಾಳಿನ ಕಣ್ಣಿಟ್ಟು ಕರಡಿ ಮಾಡಿದಳು.

"ಹೆಂಗಿತ್ತೋ?" ಎಂದು ಸಂಜೆ ಕೇಳಿದಳು.

"ಚೆನ್ನಾಗಿತ್ತು," ಎಂದ ಗುಬ್ಬಿ, ಶೂ ಲೇಸು ಎಳೆಯುತ್ತ. ಡಬ್ಬಿ ತೆರೆದರೆ ಒಕ್ಕಣ್ಣಿನ ಕರಡಿ ಅವಳನ್ನೇ ನೋಡುತ್ತಿತ್ತು.

ಚೂಟಿಗೆ ಕೋಪ ಬಂತು. ಆದರೆ ಕೋಪಕ್ಕಿಂತ ಹಟ ದೊಡ್ಡದಿತ್ತು. ಮರುದಿನ ಮತ್ತೆ ಸೌತೆಕಾಯಿಯ ನಕ್ಷತ್ರ ಮಾಡಿ ಕಳಿಸಿ, ಊಟದ ಹೊತ್ತಿಗೆ ನೀರು ಕುಡಿಯುವ ನೆಪದಲ್ಲಿ ಒಂದನೇ ಕ್ಲಾಸಿನ ಕಿಟಕಿಯ ಹತ್ತಿರ ಹೋಗಿ ಇಣುಕಿದಳು.

ಮಕ್ಕಳೆಲ್ಲ ನೆಲದ ಮೇಲೆ ಗುಂಪಾಗಿ ಕೂತಿದ್ದರು. ಒಬ್ಬರ ಡಬ್ಬಿಯಲ್ಲಿ ಇನ್ನೊಬ್ಬರ ಕೈ. "ನಂಗೊಂದು ಕೊಡೋ!" "ನಿನ್ನೆ ನಾನು ಕೊಟ್ಟಿಲ್ವಾ?" ಮುಂದಿನ ಹಲ್ಲು ಎರಡೂ ಬಿದ್ದಿದ್ದ ಹುಡುಗನೊಬ್ಬ ಏನೋ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ. ಅವನೇ ಬೊಚ್ಚ. ಗುಬ್ಬಿಯ ಬಾಯಲ್ಲಿ ದಿನಾ ಬರುವ ಹೆಸರು.

ಗುಬ್ಬಿ ಆ ಗುಂಪಿನಲ್ಲಿರಲಿಲ್ಲ. ಬಿಸ್ಕತ್ತು ತಿಂದ ದಿನದಿಂದ ಟೀಚರ್ ಅವನನ್ನು ತಮ್ಮ ಮೇಜಿನ ಹತ್ತಿರ ಕೂರಿಸಿಕೊಳ್ಳುತ್ತಿದ್ದರು. ಅವನು ಸೌತೆಕಾಯಿಯ ನಕ್ಷತ್ರಗಳನ್ನು ಮೇಜಿನ ಅಂಚಿಗೆ ಸಾಲಾಗಿ ಜೋಡಿಸಿದ್ದ. ಒಂದನ್ನು ಎತ್ತಿ ಹಿಡಿದು ಬೊಚ್ಚನ ಕಡೆ ತೋರಿಸಿದ. ಬೊಚ್ಚ ನೋಡಲಿಲ್ಲ. ಗುಬ್ಬಿ ಅದನ್ನು ಮತ್ತೆ ಸಾಲಿನಲ್ಲಿಟ್ಟ.

ಚೂಟಿ ನೀರು ಕುಡಿಯುವುದನ್ನೂ ಮರೆತು ವಾಪಸ್ ಹೋದಳು.

ಸಂಜೆ ನಡೆದು ಬರುವಾಗ ಕೇಳಿದಳು, "ಗುಬ್ಬಿ, ಬೈಯಲ್ಲ, ನಿಜ ಹೇಳು. ಅವತ್ತು ಬಿಸ್ಕತ್ತು ಯಾಕೆ ತಿಂದೆ?"

ಗುಬ್ಬಿ ಒಂದು ಕಲ್ಲನ್ನು ಒದೆಯುತ್ತ ಒದೆಯುತ್ತ ಮುಂದೆ ನಡೆದ.

"ಬೊಚ್ಚ ಕೊಟ್ಟ."

"ಆಗಲ್ಲ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

"ದಿನಾ ಕೊಡ್ತಾನೆ ಅಕ್ಕ. ನಾನು ದಿನಾ ಬೇಡ ಅಂತೀನಿ. ಅವತ್ತು, 'ನೀನು ಏನೂ ತಗೊಳ್ಳಲ್ಲ, ಏನೂ ಕೊಡೋದೂ ಇಲ್ಲ, ಹೋಗೋ' ಅಂದ. ಅದಕ್ಕೆ ಚೂರೇ ಚೂರು ಕಚ್ಚಿದೆ."

ಚೂಟಿ ತಟಕ್ಕನೆ ನಿಂತಳು. ತಗೋಬಾರದು, ಕೊಡಬಾರದು. ದಿನಾ ಹೇಳಿಸಿದವಳು ಅವಳೇ. ತಗೊಂಡರೆ ಗುಬ್ಬಿಗೆ ತೊಂದರೆ, ಸರಿ. ಕೊಟ್ಟರೆ?

"ಅಕ್ಕ, ಯಾಕೆ ನಿಂತೆ?"

"ನೀನು ಇಲ್ಲೇ ಇರು. ಅಲ್ಲ, ನೀನೂ ಬಾ!" ಅವನ ಕೈ ಹಿಡಿದು ಮತ್ತೆ ಶಾಲೆಯ ಕಡೆ ಓಡಿದಳು.

ಟೀಚರ್ ಬ್ಯಾಗ್ ಹೆಗಲಿಗೇರಿಸಿ ಹೊರಡುವುದರಲ್ಲಿದ್ದರು. ಚೂಟಿ ಒಂದೇ ಉಸಿರಿಗೆ ಹೇಳಿದಳು. ಟೀಚರ್ ಆಗಲ್ಲವೆಂದು ತಲೆಯಾಡಿಸಿಬಿಟ್ಟರು.

"ಹಂಚ್ಕೊಂಡು ತಿನ್ನೋದು ಬೇಡಮ್ಮ. ಅವತ್ತು ನನ್ನ ಜೀವವೇ ಹೋದಂಗಾಯ್ತು."

"ತಗೊಳ್ಳೋದು ಬೇಡ ಮಿಸ್. ಕೊಡೋದು ಮಾತ್ರ. ಕೊಡೋದಕ್ಕೆ ಬೇರೆ ಡಬ್ಬಿ ಕಳಿಸ್ತೀನಿ, ಅದರಿಂದ ನೀವೇ ಎತ್ತಿ ಕೊಡಿ. ಅವನ ಊಟದ ಡಬ್ಬಿಗೆ ಯಾರೂ ಕೈ ಹಾಕಲ್ಲ. ಬೇರೆ ಯಾರಿಗಾದ್ರೂ ಏನಾದ್ರೂ ತಿಂದ್ರೆ ಆಗಲ್ವಾ ಮಿಸ್? ಅದು ಬಿಟ್ಟು ಮಾಡ್ತೀನಿ."

ಟೀಚರ್ ಬ್ಯಾಗ್ ಕೆಳಗಿಟ್ಟರು. "ಎರಡು ಜಡೆ ಹಾಕ್ಕೊಂಡು ಬರ್ತಾಳಲ್ಲ, ಅವಳಿಗೆ ಮೊಟ್ಟೆ ಆಗಲ್ಲ. ಬೇರೆ ಯಾರಿಗೂ ಏನೂ ಇಲ್ಲ." ಆಮೇಲೆ ಗುಬ್ಬಿಯ ಕಡೆ ನೋಡಿ, "ಸೋಮವಾರ ನೋಡೋಣ. ಒಂದೇ ಒಂದು ಸಲ. ಎಲ್ಲರ ಮನೆಗೂ ನಾನೇ ಫೋನ್ ಮಾಡಿ ಕೇಳ್ತೀನಿ," ಎಂದರು.

ಭಾನುವಾರ ಮಧ್ಯಾಹ್ನ ಅಪ್ಪ ಸ್ನಾನ ಮುಗಿಸಿ, ಒಗೆದ ಬಟ್ಟೆ ಹಾಕಿಕೊಂಡು ಅಡುಗೆಮನೆಗೆ ಬಂದ.

"ಗೋಧಿ ಇಲ್ಲ, ಮೊಟ್ಟೆ ಇಲ್ಲ. ನನ್ನ ಎರಡೂ ಕೈ ಕಟ್ಟಿಹಾಕಿ ಈಜು ಅಂದಂಗಾಯ್ತಲ್ಲೇ!"

"ಅಕ್ಕಿ ಇದೆಯಲ್ಲಪ್ಪ. ಬಾಳೆಹಣ್ಣಿದೆ."

"ಅಂಗಡಿ ಅಕ್ಕಿಹಿಟ್ಟು ಬೇಡ. ಅದೇ ಗಿರಣೀಲಿ ಗೋಧೀನೂ ಬೀಸಿರ್ತಾರೆ. ಅಕ್ಕಿ ನೆನೆಹಾಕು, ಮನೇಲೇ ರುಬ್ಬೋಣ."

ರುಬ್ಬಿದ ಅಕ್ಕಿಗೆ ಬಾಳೆಹಣ್ಣು ಕಿವುಚಿ, ಸಕ್ಕರೆ ಬೆರೆಸಿ ಅಪ್ಪ ಕಾವಲಿಯ ಮೇಲೆ ದೊಡ್ಡದಾಗಿ ಹುಯ್ದ. ಮಗುಚಲು ಹೋದರೆ ಪುಡಿ ಪುಡಿ. ಎರಡನೆಯದು ತಳ ಹಿಡಿಯಿತು. ಮೂರನೆಯದು ಅಪ್ಪನ ಕೈಯಿಂದ ಜಾರಿ ಒಲೆಯ ಮೇಲೆಯೇ ಮಲಗಿತು.

"ಬೇಕರಿಯಲ್ಲಿ ಯಾರಿಗೂ ಹೇಳ್ಬೇಡಿ," ಎಂದ ಅಪ್ಪ, ಬೆವರು ಒರೆಸಿಕೊಳ್ಳುತ್ತ. ಗುಬ್ಬಿ ಹೊಟ್ಟೆ ಹಿಡಿದುಕೊಂಡು ನಗುತ್ತ ಪುಡಿಯನ್ನೆಲ್ಲ ಮುಕ್ಕಿದ.

"ರುಚಿ ಇದೆ ಅಕ್ಕ! ನಿಲ್ಲಲ್ಲ ಅಷ್ಟೆ!"

ಚೂಟಿ ಚಮಚ ಕೈಗೆ ತಗೊಂಡಳು. ದೊಡ್ಡದಾಗಿದ್ದಕ್ಕೇ ಒಡೆಯುತ್ತಿದೆ ಅನ್ನಿಸಿತು. ಅರ್ಧ ಚಮಚ ಹಾಕಿ, ಉರಿ ಸಣ್ಣ ಮಾಡಿ, ತಾಳ್ಮೆಯಿಂದ ಕಾದಳು. ಅಂಚು ಕೆಂಪಾಯಿತು. ಮಗುಚಿದಳು. ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದು, ಆದರೆ ಇಡೀ ಬಿಲ್ಲೆ! ಒಡೆಯಲಿಲ್ಲ.

ಸಂಜೆಯವರೆಗೂ ಅಪ್ಪ ಮಗಳು ಬಿಲ್ಲೆ ಸುಟ್ಟರು.

ಸೋಮವಾರ ಚೂಟಿಗೆ ಯಾವ ಪಾಠವೂ ತಲೆಗೆ ಹತ್ತಲಿಲ್ಲ. ಆಯಾ ಬಾಗಿಲ ಮುಂದೆ ಹಾದುಹೋದಾಗಲೆಲ್ಲ ತಲೆ ಎತ್ತಿ ನೋಡಿದಳು. ಆಯಾ ಒಳಗೆ ಬರಲಿಲ್ಲ. ಕಿಟಕಿಯ ಹತ್ತಿರ ಹೋಗಿ ಇಣುಕಬೇಕು ಅನ್ನಿಸಿತು. ಹೋಗಲಿಲ್ಲ.

ಕೊನೆಯ ಬೆಲ್ ಹೊಡೆದ ಕೂಡಲೇ ಗೇಟಿಗೆ ಓಡಿದಳು. ಗುಬ್ಬಿ ಬೆನ್ನ ಮೇಲೆ ಬ್ಯಾಗ್ ಕುಣಿಸುತ್ತ ಬಂದ.

"ಅಕ್ಕಾ, ಹಸಿವು!"

ಚೂಟಿ ಬಿಲ್ಲೆಯ ಡಬ್ಬಿ ತೆಗೆದು ನೋಡಿದಳು. ಒಂದು ಚೂರೂ ಇರಲಿಲ್ಲ.

"ಇಷ್ಟು ತಿಂದೂ ಹಸಿವಾ?"

"ನಾನೆಲ್ಲಿ ತಿಂದೆ? ಅನ್ನ ತಿಂದೆ, ಅದು ಆವಾಗ್ಲೇ ಕರಗಿಹೋಯ್ತು. ಬಿಲ್ಲೆ ಒಂದೂ ಸಿಗಲಿಲ್ಲ. ಕೊಟ್ಟೆ, ಕೊಟ್ಟೆ, ಕೊಟ್ಟೆ, ಖಾಲಿ! ಎರಡು ಜಡೆಯವಳು ಮೂರು ತಿಂದಳು. ಮಿಸ್ಸೂ ಒಂದು ತಿಂದ್ರು."

"ಬೊಚ್ಚ?"

"ಅವನು ಕೇಕ್ ತಂದಿದ್ದ. ಮುರಿದು ನಂಗೆ ಕೊಡೋಕೆ ಬಂದ."

"ನೀನೇನು ಮಾಡ್ದೆ?"

"'ನಂಗಾಗಲ್ಲ ಕಣೋ, ನೀನೇ ತಿನ್ನು' ಅಂದೆ. ಅವನೇ ತಿಂದ. ಆಮೇಲೆ ಇನ್ನೊಂದು ಬಿಲ್ಲೆ ಕೇಳ್ದ."

"ಬೇಜಾರು ಮಾಡ್ಕೊಂಡ್ನಾ?"

"ಯಾರು?" ಗುಬ್ಬಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನಾಳೆ ನಾನು ಅವನ ಪಕ್ಕ ಕೂರ್ಬಹುದಂತೆ. ಮಿಸ್ ನೋಡ್ತಾನೇ ಇರ್ತಾರಂತೆ. ಬಿಲ್ಲೆನೂ ಮತ್ತೆ ತರಬಹುದಂತೆ."

ಚೂಟಿ ತಮ್ಮನ ಮುಖ ನೋಡಿದಳು. ಹಸಿದ ಮುಖವೇ ಅದು. ಆದರೆ ಡಬ್ಬಿ ಖಾಲಿ ಮಾಡಿ ತಂದ ಯಾವ ದಿನವೂ ಅವನು ಇಷ್ಟು ಹೊಟ್ಟೆ ತುಂಬಿದವನ ಹಾಗೆ ಕಂಡಿರಲಿಲ್ಲ. ನಕ್ಷತ್ರ, ದೋಣಿ, ಕರಡಿ ಏನು ಮಾಡಿ ಕಳಿಸಿದರೂ ಕಂಡಿರಲಿಲ್ಲ.

ಮನೆಗೆ ಬಂದಾಗ ಅಮ್ಮ ಅಡುಗೆಮನೆಯಲ್ಲಿದ್ದಳು. ಗುಬ್ಬಿ ಅವಳಿಗೂ ಎಲ್ಲವನ್ನೂ ಮೊದಲಿಂದ ಹೇಳಿದ, ಈ ಸಲ ಎರಡು ಜಡೆಯವಳು ತಿಂದದ್ದು ಐದು. ಅಮ್ಮ ಕೇಳುತ್ತ ಕೇಳುತ್ತ ಅವನ ತಟ್ಟೆಗೆ ಅನ್ನ ಹಾಕಿದಳು.

"ಡಿಪೋದಲ್ಲಿ ಹೇಳಿದ್ಯಾಮ್ಮ?" ಎಂದು ಚೂಟಿ ಮೆಲ್ಲಗೆ ಕೇಳಿದಳು.

"ಇನ್ನೂ ಇಲ್ಲ. ಹೇಳ್ಬೇಕಾ?"

"ಬೇಡ."

"ಸರಿ ಹಾಗಾದ್ರೆ," ಎಂದಳು ಅಮ್ಮ. ನಾಳೆಯ ಯೂನಿಫಾರ್ಮ್ ಇಸ್ತ್ರಿ ಮಾಡಲು ಹೋದಳು.

ಚೂಟಿ ಪಾತ್ರೆ ಇಟ್ಟುಕೊಂಡು ಅಕ್ಕಿ ನೆನೆಹಾಕಿದಳು. ನಿನ್ನೆ ಹಾಕಿದಷ್ಟೇ ಹಾಕಿ ನೀರು ಹುಯ್ಯಲು ಹೋದವಳು ಗುಬ್ಬಿಯ ಕಡೆ ತಿರುಗಿ ನೋಡಿದಳು. ಅವನು ಬಾಯಿ ತುಂಬ ಅನ್ನ ಇಟ್ಟುಕೊಂಡು, ನಾಳೆ ಯಾರ್ಯಾರಿಗೆ ಕೊಡಬೇಕು ಅಂತ ಬೆರಳು ಮಡಿಸುತ್ತಿದ್ದ. ಎಲ್ಲ ಬೆರಳೂ ಮುಗಿದವು. ಅವನು ತನ್ನನ್ನು ಎಣಿಸಿಕೊಂಡಿರಲಿಲ್ಲ.

ಚೂಟಿ ಇನ್ನೊಂದು ಹಿಡಿ ಅಕ್ಕಿ ಹಾಕಿದಳು.